ಕರಿಮಡ್ಡಿಯ ಹದಿನಾಲ್ಕು ಹೆಣ್ಣುಮಕ್ಕಳು

ರಾಘವೇಂದ್ರರಾಯರ ರಜಿಸ್ಟರಿನಲ್ಲಿ ಒಂದು ಚಿತ್ತು ಹುಡುಕಿ ತೋರಿಸಿದವರಿಗೆ ಚಹಾ ಕುಡಿಸುವುದಾಗಿ ದವಾಖಾನೆಯ ಕಂಪೌಂಡರ್ ಪಂದ್ಯ ಕಟ್ಟಿದ್ದ. ವರ್ಷಗಟ್ಟಲೆ ಕಳೆದರೂ ಆ ಚಹಾ ಯಾರ ಗಂಟಲಿಗೂ ಇಳಿಯಲಿಲ್ಲ. ರಾಯರು ಮೂವತ್ತು ವರ್ಷ ರಕ್ತ, ಕಫ, ಮೂತ್ರ ಪರೀಕ್ಷೆ ಮಾಡಿದ ಲ್ಯಾಬ್ ಟೆಕ್ನಿಶಿಯನ್. ಬಸವನ ಬಾಗೇವಾಡಿಯಲ್ಲಿ ನೌಕರಿಗೆ ಸೇರಿ, ಮುದ್ದೇಬಿಹಾಳ, ಸಿಂದಗಿ ಎಂದು ವರ್ಗವಾಗುತ್ತ, ಕೊನೆಗೆ ಇಂಡಿ ತಾಲೂಕಿನ ಗಡಿಗೆ ಹತ್ತಿದ ಒಂದು ಸಣ್ಣ ದವಾಖಾನೆಗೆ ಬಂದಿದ್ದರು. ಅಲ್ಲಿಂದ ಮೂರು ಮೈಲು ನಡೆದರೆ ಮಹಾರಾಷ್ಟ್ರ. ಮನೆಯಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಹೆಂಡತಿ ರಂಗೂಬಾಯಿ ಪಂಢರಪುರದ ಹೆಣ್ಣು.

ಅವರ ಅಜ್ಜ ಪೋಥಿಗಳನ್ನು, ಅಂದರೆ ಕೈಬರಹದ ಹಳೆಯ ಗ್ರಂಥಗಳನ್ನು, ನಕಲು ಮಾಡುತ್ತಿದ್ದವರು. ಮೊಮ್ಮಗನ ಬೆರಳಿಗೆ ಏಟು ಕೊಟ್ಟು ಅಕ್ಷರ ತಿದ್ದಿಸಿದ್ದರು. ಆ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು, ಸುಳ್ಳಲ್ಲ. ಆದರೆ ಅದರ ಬಗ್ಗೆ ರಾಯರಿಗೆ ಇದ್ದದ್ದು ಹಮ್ಮು. ಹಮ್ಮು ಅಂದರೆ ಹಮ್ಮೇ, ಬೇರೆ ಹೆಸರಿಡುವುದು ಬೇಡ. ಡಾಕ್ಟರು ಬರೆದುಕೊಟ್ಟ ಚೀಟಿಯನ್ನೂ ಮೂಗು ಮುರಿದು ಓದುತ್ತಿದ್ದರು. ಹೊಸ ನರ್ಸುಗಳು ರಜಿಸ್ಟರಿಗೆ ಕೈ ಹಚ್ಚಿದರೆ, 'ಅದೇನು ಸಂತಿ ಚೀಟಿ ಅಲ್ಲವಾ, ಇಡು ಕೆಳಗ' ಅನ್ನುತ್ತಿದ್ದರು.

ಎರಡು ಸಾವಿರದ ಮೂರರಲ್ಲಿ ಬಸುರಿಯರಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡಬೇಕೆಂದು ಆದೇಶ ಬಂತು. ಜನರ ಬಾಯಲ್ಲಿ ಅದಕ್ಕೆ 'ದೊಡ್ಡ ರೋಗ' ಎಂದು ಹೆಸರು. ಪೂರ್ತಿ ಹೆಸರು ಹೇಳಿದರೆ ಮನೆ ಹೊಕ್ಕೀತು ಎಂಬ ಹೆದರಿಕೆ. ಸೋಮವಾರ, ಗುರುವಾರ ರಾಯರ ಕೋಣೆಯ ಮುಂದೆ ಹೆಣ್ಣುಮಕ್ಕಳ ಸಾಲು. ತಾಯಿಯ ಪಕ್ಕ ಕೂತು, ಸೆರಗು ಹೊದ್ದು, ತೋಳು ಚಾಚುತ್ತಿದ್ದವು. ರಾಯರು ನಗುನಗುತ್ತ ಮಾತಿಗೆ ಎಳೆದು, ಸೂಜಿ ಚುಚ್ಚಿದ್ದು ತಿಳಿಯದಂತೆ ರಕ್ತ ತೆಗೆಯುತ್ತಿದ್ದರು. 'ಯಾವೂರವಾ ನಿಂದು? ವಯಸ್ಸೆಷ್ಟು? ಇದು ಎಷ್ಟನೇದ್ದು?' ಉತ್ತರ ಬಂದ ಹಾಗೆ ಬರೆದುಕೊಳ್ಳುತ್ತಿದ್ದರು. ರೋಗ ಇದ್ದವರನ್ನು ಆಪ್ತಸಮಾಲೋಚಕಿಯ ಕೋಣೆಗೆ ಕಳಿಸುವರು. ಅಲ್ಲಿ ಬಾಗಿಲು ಮುಚ್ಚಿದ ಮೇಲೆ ಬರುತ್ತಿದ್ದ ಅಳು ಗೋಡೆ ದಾಟಿ ರಾಯರ ಸೂಕ್ಷ್ಮದರ್ಶಕದ ತನಕ ಬರುತ್ತಿತ್ತು. ಅಂಥ ದಿನ ರಾಯರು ಮಧ್ಯಾಹ್ನ ಊಟ ಬಿಡುತ್ತಿದ್ದರು.

ಆ ಸಾಲಿನಲ್ಲಿ ಬಂದವಳು ಹತ್ತಿರದ ಹಳ್ಳಿ ಕರಿಮಡ್ಡಿಯ ಧರೆಪ್ಪನ ಮಗಳು ವಿದ್ಯಾವತಿ. ಹತ್ತೊಂಬತ್ತು ವರ್ಷ, ಚೊಚ್ಚಲು ಬಸುರಿ. ಗಂಡ ಅನೀಲಕುಮಾರ ಬೋರ್‌ವೆಲ್ ಗಾಡಿಯ ಮೇಲೆ ಕೆಲಸ ಮಾಡುವವನು. ಒಮ್ಮೆ ಗಾಡಿ ಹತ್ತಿದರೆ ಆರು ತಿಂಗಳು ಊರೂರು. ವಿದ್ಯಾವತಿಗೆ ರೋಗ ಇತ್ತು. ಹೆರಿಗೆಯ ಹೊತ್ತಿಗೆ ತಾಯಿಗೆ ಗುಳಿಗೆ, ಕೂಸಿಗೆ ಔಷಧದ ಹನಿ ಕೊಟ್ಟರು. ಕೂಸು ಪಾರಾಯಿತು. ಒಂದೂವರೆ ವರ್ಷದ ಮೇಲೆ ಅದರ ರಕ್ತ ನೋಡಿ 'ಏನೂ ಇಲ್ಲವಾ, ನಿನ್ನ ಮಗಳು ಬಂಗಾರ' ಎಂದು ರಾಯರೇ ಹೇಳಿದ್ದರು. ಅಷ್ಟರಲ್ಲಿ ಅನೀಲಕುಮಾರ ತೀರಿಕೊಂಡಿದ್ದ. ಗಂಡನ ಮನೆ ಗಡಿಯಾಚೆ ಸಾತನವಾಡಿಯಲ್ಲಿ. ಮಾವ ಗುರಪ್ಪ, ಅತ್ತೆ ರೇವವ್ವ. ಮಗ ಹೋದ ದುಃಖದಲ್ಲೂ ಅವರು ಸೊಸೆಯನ್ನು ಇಟ್ಟುಕೊಂಡಿದ್ದರು. ಆಕೆ ಹೊಲಕ್ಕೆ ಹೋಗುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಮೊಮ್ಮಗಳು ಅಂಗಳದಲ್ಲಿ ಆಡುತ್ತಿತ್ತು.

ಇದರ ನಡುವೆ ಪುಣೆಯ ಸಂಶೋಧಕರು ಬಂದರು. ರೋಗ ಇದ್ದು, ಒಪ್ಪಿಗೆ ಕೊಟ್ಟ ಹೆಣ್ಣುಮಕ್ಕಳ ರಕ್ತವನ್ನು ಐದು ಹನಿ ದಪ್ಪ ಹೀರುಕಾಗದಕ್ಕೆ ಇಳಿಸಿ, ನೆರಳಲ್ಲಿ ಒಣಗಿಸಿ ಕಳಿಸಬೇಕು. ಕಾಗದದ ಮೇಲೆ ಹೆಸರಿಲ್ಲ. ನಂಬರು, ವಯಸ್ಸು, ಊರು ಇಷ್ಟೇ. ಗಡಿಯ ಎರಡೂ ಬದಿಯಿಂದ ಇಂಥ ಕಾಗದಗಳು ಹೋದವು. ರೋಗಾಣು ಯಾವ ಕಡೆಯಿಂದ ಯಾವ ಕಡೆಗೆ ನಡೆದಿದೆ ಎಂದು ಅವರು ನೋಡುವವರಿದ್ದರು. ರಾಯರ ದವಾಖಾನೆಯಿಂದ ನಲವತ್ತೊಂದು ಹೋದವು. ಅದರಲ್ಲಿ ಹದಿನಾಲ್ಕರ ಮೇಲೆ ಊರು: ಕರಿಮಡ್ಡಿ.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಬಿಜಾಪುರದ ಒಂದು ಸಭೆಯಲ್ಲಿ ಈ ಲೆಕ್ಕದ ಮೇಲೆ ಬರೆದ ನಕಾಶೆ ತೂಗುಹಾಕಿದರು. ಊರಿಗೊಂದು ಕೆಂಪು ಚುಕ್ಕೆ, ರೋಗ ಹೆಚ್ಚಿದ್ದಲ್ಲಿ ಚುಕ್ಕೆ ದೊಡ್ಡದು. ಕರಿಮಡ್ಡಿಯ ಚುಕ್ಕೆ ಕುಂಕುಮದ ಬೊಟ್ಟಿನಷ್ಟು ದಪ್ಪ. ಯಾರೋ ಒಬ್ಬ ಅದರ ಚಿತ್ರ ತೆಗೆದ. ವಾರದೊಳಗೆ ಒಂದು ಪತ್ರಿಕೆ ಊರಿನ ಹೆಸರು ಹಾಕಿ, 'ಗಡಿಯಲ್ಲಿ ರೋಗದ ತವರು' ಎಂದು ಬರೆದೇಬಿಟ್ಟಿತು. ರಕ್ತದ ಒಳಗಿನ ಬರಹ ಓದಿ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಅಂತಲೂ ಸೇರಿಸಿತು. ಅಯ್ಯೋ ಶಿವನೇ! ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಕರಿಮಡ್ಡಿಯ ಎರಡು ನಿಶ್ಚಿತಾರ್ಥ ಮುರಿದವು. ಆ ಊರಿನ ಹಾಲು ಕೂಡ ನಾಲ್ಕು ದಿನ ಡೇರಿಯಲ್ಲಿ ಉಳಿಯಿತು.

ಸಾತನವಾಡಿಯಲ್ಲಿ ಯಾರೋ ಆ ಪೇಪರನ್ನು ಗುರಪ್ಪನ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದರು. ಅಂದೇ ವಿದ್ಯಾವತಿಯನ್ನು ಹೊರಗೆ ಹಾಕಿದರು. 'ನಿಮ್ಮೂರ ರೋಗ ತಂದು ನನ್ನ ಮಗನ್ನ ತಿಂದಿ' ಎಂದು ಗುರಪ್ಪ ಅಂಗಳದಲ್ಲಿ ನಿಂತು ಕೂಗಿದನಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ನಾವು, ಹೊಸದೇನಲ್ಲ. ಎರಡು ವರ್ಷದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಆಕೆ ತವರಿಗೆ ಬಂದಳು. ತವರಿನಲ್ಲೂ ಅಣ್ಣನ ಹೆಂಡತಿ ತಟ್ಟೆ ಬೇರೆ ಇಟ್ಟಳು.

ಮೂರನೆಯ ದಿನ ಧರೆಪ್ಪ ರಾಯರ ಕೋಣೆಗೆ ಬಂದ. ಕುಳಿತುಕೋ ಅಂದರೂ ಕುಳಿತುಕೊಳ್ಳಲಿಲ್ಲ.

'ಸಾಹೇಬ್ರ, ರಕ್ತದಾಗ ಊರಿನ ಹೆಸರ ಬರದಿರ್ತೈತಂತ, ಖರೇನ್ರಿ? ಪೇಪರದಾಗ ಹಂಗ ಬಂದೈತಿ. ಹಂಗಿದ್ರ ನನ್ನ ಮಗಳ ರಕ್ತ ಇನ್ನೊಮ್ಮೆ ಓದ್ರಿ. ಬೀಗರ ಮುಂದ ನಿಂತು ಹೇಳ್ರಿ, ಇದು ಕರಿಮಡ್ಡೀದು ಅಲ್ಲಂತ. ಆಕೀಗಿ ಆಕೀ ಮನಿ ಸಿಗಬೇಕ್ರಿ. ಇಲ್ಲಂದ್ರ ಆ ಹುಡುಗಿ ಯಾವುದರೆ ಬಾವಿ ನೋಡ್ತಾಳ.'

ರಾಯರು ತೆರೆದಿದ್ದ ರಜಿಸ್ಟರು ಮುಚ್ಚಿದರು. 'ಧರೆಪ್ಪಾ, ಪುಣೆದವ್ರನ್ನ ಕೇಳ್ತೀನಿ' ಎಂದಷ್ಟೇ ಹೇಳಿದರು.

ಪುಣೆಯಿಂದ ಬಂದವಳು ಡಾಕ್ಟರ್ ಶೈಲಶ್ರೀ. ಸಿಂದಗಿ ಕಡೆಯ ಹುಡುಗಿ, ಪುಣೆಗೆ ಹೋಗಿ ರೋಗಾಣುಗಳ ಶಾಸ್ತ್ರ ಓದಿದವಳು. ಪತ್ರಿಕೆ ಮಾಡಿದ ಅನಾಹುತಕ್ಕೆ ಕಣ್ಣು ಕೆಂಪಾಗಿಸಿಕೊಂಡೇ ಬಂದಿದ್ದಳು. ರಾಯರ ಮೇಜಿನ ಮೇಲೆ ಒಂದು ದೊಡ್ಡ ಕಾಗದ ಹಾಸಿದಳು. ಅದರ ಮೇಲೆ ಬೇರಿನಿಂದ ಬಲಕ್ಕೆ ಕವಲೊಡೆಯುತ್ತ ಹೋದ ಗಿಡದಂಥ ಚಿತ್ರ. ಒಂದೊಂದು ತುದಿಗೆ ಒಂದೊಂದು ನಂಬರು.

'ಸರ, ಈ ರೋಗಾಣು ಮೈಯಿಂದ ಮೈಗೆ ಹೋಗೂ ಮುಂದ ತನ್ನನ್ನ ತಾನ ನಕಲ ಮಾಡ್ತೈತ್ರಿ. ಮಾಡೂ ಮುಂದ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪತೈತಿ. ಇಬ್ರ ಮೈಯಾಗ ತಪ್ಪು ಒಂದೇ ನಮೂನಿ ಇದ್ರ ಅವು ಹತ್ತಿರದ ಸಂಬಂಧ.'

ರಾಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಪೋಥಿಯ ತಪ್ಪು ಅದರ ನಕಲುಗಳಿಗೆಲ್ಲ ಇಳಿಯುತ್ತದೆ. ತಪ್ಪು ನೋಡಿ ಇದು ಯಾವ ಮನೆಯ ಪ್ರತಿ ಎಂದು ಅಜ್ಜ ಹೇಳುತ್ತಿದ್ದರು.

'ಈಗ ಕರಿಮಡ್ಡಿ ನೋಡ್ರಿ' ಎಂದು ಶೈಲಶ್ರೀ ಬೆರಳಿಟ್ಟಳು. 'ಊರಾಗ ಒಬ್ರಿಂದ ಒಬ್ರಿಗೆ ಹಬ್ಬಿದ್ರ ಈ ಹದಿನಾಲ್ಕೂ ಒಂದೇ ಟೊಂಗಿಗೆ ಇರಬೇಕಿತ್ತು. ಇಲ್ಲಿ ಚೆಲ್ಲಾಪಿಲ್ಲಿ ಬಿದ್ದಾವು. ಒಂದು ಗಡಿಯಾಚೆ ಗುಂಪಿನಾಗ, ಒಂದು ಸೊಲ್ಲಾಪುರದ ಕಡೆ ಗುಂಪಿನಾಗ, ಒಂದು ಬಾಗೇವಾಡಿ ಕಡೇದು. ಒಂದಕ್ಕೊಂದು ಸಂಬಂಧನ ಇಲ್ಲ. ಸಣ್ಣ ಊರಿಗೆ ಇಷ್ಟು ಕಡೆಯಿಂದ ಹೆಂಗ ಬಂತು ಅನ್ನೂದ ನಮಗ ತಿಳೀವಲ್ದು. ಅಲ್ಲಿ ಏನರ ಧಾಬಾ, ದಂಧೆ ನಡೀತೈತೇನ್ರಿ?'

'ಕರಿಮಡ್ಡಿಯೊಳಗ? ಅಲ್ಲಿ ಚಹಾದ ಅಂಗಡಿನೂ ಇಲ್ಲವಾ' ಅಂದರು ರಾಯರು. ಆಮೇಲೆ ಎದೆಯಲ್ಲಿ ಇದ್ದದ್ದನ್ನು ಕೇಳಿದರು: 'ಒಬ್ಬಾಕಿಗೆ ಯಾರಿಂದ ಬಂತು ಅಂತ ಈ ಗಿಡ ಹೇಳ್ತದೇನು?'

ಶೈಲಶ್ರೀ ತಲೆ ಅಲ್ಲಾಡಿಸಿದಳು. 'ಇಲ್ರಿ. ಗುಂಪಿಗೆ ಗುಂಪು ಯಾವ ಕಡೆ ಹೊಂಟೈತಿ ಅನ್ನೂದು ಹೇಳ್ತೈತಿ. ಗಂಡ ಹೆಂಡ್ತಿ ನಡುವ ಯಾರು ಯಾರಿಗೆ ಕೊಟ್ರು ಅನ್ನೂದನ್ನ ಇದರ ಬಾಯಿಂದ ಹೇಳಸಬಾರದು. ಹೇಳಸಾಕ ಹೋದ್ರ ಸುಳ್ಳ ಹೇಳ್ತೈತಿ, ಒಂದು ಮನಿ ಹಾಳಾಗ್ತೈತಿ.'

ಧರೆಪ್ಪನಿಗೆ ಕೊಡಬಹುದಾಗಿದ್ದ ಒಂದೇ ಉತ್ತರವೂ ಕೈಬಿಟ್ಟು ಹೋಯಿತು. ರಾಯರು ಅಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೂ ತುತ್ತು ಎತ್ತಲಿಲ್ಲ. ರಂಗೂಬಾಯಿ ಬಿಡುವ ಪೈಕಿಯಲ್ಲ. ಕೇಳಿ ಕೇಳಿ ಬಾಯಿ ಬಿಡಿಸಿದಳು. ಹೆಸರು ಹೇಳದೆ ರಾಯರು ಗಿಡದ ಕಥೆ ಹೇಳಿದರು: ಹದಿನಾಲ್ಕು ಹೆಣ್ಣುಮಕ್ಕಳು, ಊರು ಒಂದೇ, ಟೊಂಗೆ ಮಾತ್ರ ಬೇರೆ ಬೇರೆ.

ರಂಗೂಬಾಯಿ ಸಾರಿನ ಸೌಟು ಹಿಡಿದುಕೊಂಡೇ ನಿಂತಳು. 'ಅಯ್ಯ, ಇದಕ್ಕ ಪುಣೆದಾಕಿ ಯಾಕ ಬೇಕಿತ್ತು? ಬಸುರಿ ಹೆಂಗಸರಲ್ರೀ ಅವ್ರೆಲ್ಲ? ಚೊಚ್ಚಲ ಬಾಣಂತನಕ್ಕ ತವರಿಗೆ ಬಂದಾವ. ನಮ್ಮ ಮಗಳು ಶ್ರೀವಾಣಿ ಹುಟ್ಟೂ ಮುಂದ ನಾ ಪಂಢರಪುರದ ದವಾಖಾನಿಗೆ ಹೋದಾಗ ನರ್ಸು ಯಾವೂರು ಅಂದ್ಲು. ನಾ ಪಂಢರಪುರ ಅಂದೆ. ನಿಮ್ಮ ಬಾಗೇವಾಡಿ ನನಗ ನೆನಪಿಗೂ ಬರಲಿಲ್ಲ. ಅವ್ವ ಮಗ್ಗಲದಾಗ ಕೂತಾಗ ಯಾವ ಹೆಣ್ಣು ಗಂಡನ ಊರ ಹೆಸರು ಹೇಳ್ತಾಳ್ರೀ?'

ರಾಯರು ಕೈ ತೊಳೆದು ಎದ್ದೇಬಿಟ್ಟರು. ಬಿಸಿಲಲ್ಲಿ ಟೋಪಿಯಿಲ್ಲದೆ ದವಾಖಾನೆಗೆ ನಡೆದರು. ರಜಿಸ್ಟರು ತೆಗೆದು ಹದಿನಾಲ್ಕು ಸಾಲು ನೋಡಿದರು. ಕೊನೆಯ ಕಾಲಮಿನಲ್ಲಿ ತಮ್ಮದೇ ಮುತ್ತಿನಂಥ ಅಕ್ಷರ: ಚೊಚ್ಚಲು, ಚೊಚ್ಚಲು, ಚೊಚ್ಚಲು. ಹನ್ನೊಂದು ಸಲ. ಸರಕಾರದ ನಮೂನೆಯಲ್ಲಿ ಕೇಳಿದ್ದು 'ಕಾಯಂ ವಾಸಸ್ಥಳ'. ಅದನ್ನು ಓದಿಯೂ ಅವರು ತಮ್ಮ ರೂಢಿಯಂತೆ 'ಯಾವೂರವಾ ನಿಂದು' ಎಂದು ಕೇಳಿದ್ದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರೆ ಹಿರಿಯರು. ಆದರೆ ಆ ಹೆಣ್ಣನ್ನೇ ಕೇಳಿ ನೋಡಿ, ತವರು ಬಿಟ್ಟು ಬೇರೆ ಊರು ಅವಳ ನಾಲಗೆಗೆ ಬರುವುದಿಲ್ಲ. ಕರಿಮಡ್ಡಿ ಸಣ್ಣದಾದರೂ ಹೆಣ್ಣು ಹೆಚ್ಚು ಹುಟ್ಟಿದ ಊರು, ದವಾಖಾನೆಗೆ ಹತ್ತಿರದ ಊರು. ಹತ್ತು ಊರಿಗೆ ಕೊಟ್ಟ ಹೆಣ್ಣುಮಕ್ಕಳು ಹತ್ತು ಊರಿನ ರೋಗ ಹೊತ್ತು ಹೆರಿಗೆಗೆ ಬಂದಿದ್ದವು. ರಾಯರು ಅಷ್ಟನ್ನೂ ಒಂದೇ ಊರಿನ ತಲೆಗೆ ಕಟ್ಟಿದ್ದರು.

'ನಾನ ಮಾಡಿದೆ, ನನ್ನ ಕೈಯಾರೆ ಮಾಡಿದೆ' ಎಂದು ಖಾಲಿ ಕೋಣೆಯಲ್ಲಿ ಗಟ್ಟಿಯಾಗಿಯೇ ಅಂದರು.

ಆಪ್ತಸಮಾಲೋಚಕಿಯ ಮೂಲಕ, ಮಕ್ಕಳಿಗೆ ಲಸಿಕೆ ಹಾಕುವ ದಿನಗಳಲ್ಲಿ, ಯಾರಿಗೂ ಸುಳಿವು ಹತ್ತದ ಹಾಗೆ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿಸಿದರು: ಮದುವೆಯಾಗಿ ಎಲ್ಲಿ ಇರುತ್ತೀ, ಎಷ್ಟು ವರ್ಷದಿಂದ? ಎರಡು ತಿಂಗಳು ಹಿಡಿಯಿತು. ಹದಿನಾಲ್ಕರಲ್ಲಿ ಹನ್ನೆರಡು ಮಂದಿ ಬೇರೆ ಊರಿನ ಸೊಸೆಯರು. ಕರಿಮಡ್ಡಿಯಲ್ಲೇ ಬಾಳುವವರು ಇಬ್ಬರು ಮಾತ್ರ. ಶೈಲಶ್ರೀಗೆ ಫೋನು ಮಾಡಿ ಹೊಸ ಊರುಗಳನ್ನು ಒಂದೊಂದಾಗಿ ಓದಿದಾಗ ಆ ಕಡೆ ಆಕೆ ಗಿಡದ ಚಿತ್ರದ ಮೇಲೆ ನಂಬರು ಹುಡುಕುತ್ತ ಹೋದಳು. ಹನ್ನೆರಡೂ ಗಂಡನ ಊರಿನ ಕಡೆಯ ಟೊಂಗೆಗೇ ಹೋಗಿ ಕೂತಿದ್ದವು.

ದವಾಖಾನೆಯ ಹಿರಿಯ ಡಾಕ್ಟರು ಬುದ್ಧಿ ಹೇಳಿದರು. 'ರಾಯರ, ಇನ್ನ ಐದು ತಿಂಗಳಿಗೆ ರಿಟೈರ್ ಆಗಾವ್ರು. ಇಲ್ಲದ ಉಸಾಬರಿ ಯಾಕ್ರಿ? ತಪ್ಪು ನಿಮ್ಮದು ಅಂತ ಬರದುಕೊಟ್ರ ನೋಟೀಸ್ ಬರ್ತೈತಿ.'

'ಬರಲಿ ಬಿಡ್ರಿ. ಮೂವತ್ತು ವರ್ಷ ಬರೇ ಶಹಬ್ಬಾಸ್ ಅನ್ನಿಸ್ಕೊಂಡೀನಿ. ಇದನ್ನೂ ತಗೋತೀನಿ' ಅಂದರು ರಾಯರು. ಕೆಂಪು ಶಾಯಿಯಲ್ಲಿ ಹನ್ನೆರಡು ಸಾಲಿನ ಊರು ಹೊಡೆದುಹಾಕಿ, ಸರಿಯಾದ ಊರು ಬರೆದು, ಪ್ರತಿ ಸಾಲಿಗೂ ರುಜು ಹಾಕಿದರು. ಮೇಲಿನವರಿಗೆ ಎರಡು ಪುಟದ ಪತ್ರ ಕಳಿಸಿದರು. ನಕಾಶೆ ಬದಲಾಯಿತು. ನೋಟೀಸೂ ಬಂತು. ಪತ್ರಿಕೆಗೂ ಬರೆದರು. ಊರಿನ ಮಾನ ತೆಗೆಯಲು ಮೊದಲ ಪುಟ ಕೊಟ್ಟವರು ತಪ್ಪಾಯಿತು ಎನ್ನಲು ಆರನೆಯ ಪುಟದಲ್ಲಿ ಎರಡು ಸಾಲು ಕೊಟ್ಟರು. ಅದನ್ನು ಕಟ್ಟೆಯ ಮೇಲೆ ಕೂತು ಯಾರೂ ಓದಲಿಲ್ಲ.

ಹಾಗಾಗಿ ರಾಯರು ತಾವೇ ಸಾತನವಾಡಿಗೆ ಹೊರಟರು. ಮೊದಲು ವಿದ್ಯಾವತಿಯನ್ನು ಕರೆಸಿ ಹೇಳಿದರು: 'ತಂಗೀ, ನಿನ್ನ ರಕ್ತದ ಮಾತು ನಾ ಅಲ್ಲಿ ಆಡೂದಿಲ್ಲ. ನನ್ನ ತಪ್ಪಿನ ಮಾತು ಅಷ್ಟ ಆಡ್ತೀನಿ. ನೀ ಒಪ್ಪಿದ್ರ ಹೋಗೂಣು.' ಆಕೆ ಒಪ್ಪಿದಳು. ಶ್ರಾವಣದ ಒಂದು ಬೆಳಿಗ್ಗೆ ರಾಯರು, ಧರೆಪ್ಪ, ವಿದ್ಯಾವತಿ, ಕಂಕುಳಲ್ಲಿ ಮಗು, ಇಷ್ಟು ಮಂದಿ ಟಮ್‌ಟಮ್ ಹಿಡಿದು ಗಡಿ ದಾಟಿದರು.

ಗುರಪ್ಪ ಕಟ್ಟೆಯ ಮೇಲೆ ಕೂತಿದ್ದ. ರಾಯರ ಧೋತರ, ಕನ್ನಡಕ ನೋಡಿ 'ಬರ್ರಿ' ಎಂದು ಎದ್ದ. ಸೊಸೆಯನ್ನು ನೋಡಿ ಮೋರೆ ತಿರುಗಿಸಿದ. ವಿದ್ಯಾವತಿ ಅಂಗಳದ ಅಂಚಿನಲ್ಲಿ ನಿಂತಳು. ರೇವವ್ವ ಬಾಗಿಲ ಸಂದಿಯಲ್ಲಿ ಬಂದು ನಿಂತವಳು ಮೊಮ್ಮಗಳನ್ನು ನೋಡಿ ಕಣ್ಣು ಕೆಳಗೆ ಹಾಕಿದಳು.

ರಾಯರು ಕೂರದೆಯೇ ಹೇಳಿದರು. ನಕಾಶೆ ಹೇಗೆ ಆಯಿತು, ಊರು ಬರೆದವರು ಯಾರು, ತಪ್ಪು ಎಲ್ಲಿ ಬಿತ್ತು, ಒಂದನ್ನೂ ಮುಚ್ಚಿಡಲಿಲ್ಲ.

'ತಪ್ಪು ಅಂದ್ರ? ಮಷೀನ್ ನೋಡಿ ಹೇಳಿದ್ದಲ್ಲೇನ್ರಿ?' ಎಂದ ಗುರಪ್ಪ.

'ಮಷೀನಿಗೆ ಯಾವ ಊರೂ ಗೊತ್ತಿಲ್ಲ, ಗುರಪ್ಪನವರ. ಊರು ಬರದಾಂವ ನಾನು.'

'ಹಂಗಾರ ರೋಗ ನಮ್ಮ ಮಗನ ತಂದ ಅಂತೀರೇನು? ಸತ್ತಾಂವನ ಮ್ಯಾಲೆ ಹಾಕಾಕ ಬಂದೀರೇನು?'

'ಅದನ್ನ ನಾ ಹೇಳೂದಿಲ್ಲ. ಹೇಳ್ಲಿಕ್ಕೆ ಆ ಶಾಸ್ತ್ರಕ್ಕೂ ಬರೂದಿಲ್ಲ. ಒಂದು ಪೇಪರ್ ನಂಬಿ ಈ ಹುಡುಗೀನ್ನ ಹೊರಗ ಹಾಕಿದ್ರಿ. ಆ ಪೇಪರ್ ಸುಳ್ಳು, ಸುಳ್ಳಿನ ಬೇರು ನಾನು. ಸಿಟ್ಟು ಮಾಡೂದಿದ್ರ ನನ್ನ ಮ್ಯಾಲೆ ಮಾಡ್ರಿ, ಆಕೀನ್ನ ಒಳಗ ಕರೀರಿ.' ಐವತ್ತೆಂಟು ವರ್ಷದ ಮನುಷ್ಯ ಕೈ ಮುಗಿದು ಬಗ್ಗಿದರು.

ಬಾಗಿಲ ಸಂದಿಯಿಂದ ರೇವವ್ವ ಹೊರಗೆ ಬಂದಳು. 'ಬ್ಯಾಡ್ರಿ ಅಪ್ಪಾರ, ನೀವು ಕೈ ಮುಗೀಬ್ಯಾಡ್ರಿ' ಅಂದಳು. 'ನೀವು ಹಿರ್ಯಾರು, ಓದಿದಾವ್ರು, ತಿಳೀದ ಮಾಡಿದ ತಪ್ಪಿಗೆ ನನ್ನ ಅಂಗಳಕ್ಕ ಬಂದು ಬಗ್ಗಾಕತ್ತೀರಿ. ನಾ ತಿಳದು ಮಾಡೇನ್ರಿ.'

'ಏ, ಸುಮ್ನಿರು! ಒಳಗ ನಡಿ' ಎಂದು ಗುರಪ್ಪ ಗದರಿದ. ಆ ಗದರಿಕೆಯಲ್ಲೇ ಅವನಿಗೂ ಗೊತ್ತಿತ್ತೆಂಬುದು ಬಯಲಾಯಿತು.

'ಎಷ್ಟು ದಿನ ಸುಮ್ನಿರಲಿ? ಮಗ ಹೋಗಿ ಒಂದು ವರ್ಷ ಆತು, ತುತ್ತು ಇಳೀವಲ್ದು.' ರೇವವ್ವ ಸೊಸೆಯ ಕಡೆ ನೋಡದೆ, ನೆಲ ನೋಡುತ್ತ ಹೇಳಿದಳು. 'ಲಗ್ನಕ್ಕ ಇಪ್ಪತ್ತು ದಿನ ಇರೂ ಮುಂದ ಅನೀಲಗ ಜ್ವರ ಬಂದಿತ್ರಿ. ದೂರದ ಒಂದು ದವಾಖಾನ್ಯಾಗ ರಕ್ತ ನೋಡಿ, ಲಗ್ನ ಮಾಡಬ್ಯಾಡ್ರಿ ಅಂದ್ರು. ಅಂವ ಅತ್ತ. ಬ್ಯಾಡ ಯವ್ವಾ, ಬಿಡಸು ಅಂದ. ನಾನ ಕೇಳಲಿಲ್ಲ. ಕಾರ್ಡ ಹಂಚಿದ್ವಿ, ಮಂದಿಗೆ ಏನ ಹೇಳೂದು? ಲಗ್ನ ಆದ್ರ, ಮನ್ಯಾಗ ಹೆಣ್ಣು ಬಂದ್ರ ಗಾಡಿ ಬಿಡ್ತಾನ, ಮೈ ಸುದ್ದ ಆಕ್ಕೈತಿ ಅಂದ್ಕೊಂಡೆ. ಆ ಪೇಪರ್ ಬಂದಾಗ ನನಗ ಕೈಲಾಸ ಸಿಕ್ಕಂಗಾತು. ತಪ್ಪು ಇಕೀ ಊರಿಂದ ಅಂತ ಬರದಿತ್ತಲ್ರಿ. ನನ್ನ ತಲಿ ಮ್ಯಾಲಿಂದು ಇಳೀತು ಅಂದ್ಕೊಂಡೆ.'

ವಿದ್ಯಾವತಿ ನಿಂತಲ್ಲೇ ನಿಂತಿದ್ದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಆಮೇಲೆ ನಿಧಾನ ಕೇಳಿದಳು:

'ಅತ್ತಿ, ಗೊತ್ತಿದ್ದೂ ನನ್ನ ಉಡಿ ತುಂಬಿದ್ರೇನು?'

ರೇವವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಬಾ ಅನ್ನಲು ಕೈ ಎತ್ತಿದಳು. ಆ ಕೈ ಅರ್ಧಕ್ಕೇ ನಿಂತಿತು. ವಿದ್ಯಾವತಿ ಚಪ್ಪಲಿ ಬಿಟ್ಟು, ಯಾರೂ ಕರೆಯದೆಯೇ ಅಂಗಳ ದಾಟಿ ಹೊಸ್ತಿಲ ತನಕ ಬಂದಳು.

'ನಾ ಒಳಗ ಹೊಕ್ಕೇನಿ. ನಿಮ್ಮನ್ನ ಕ್ಷಮಾ ಮಾಡೀನಿ ಅಂತಲ್ಲ. ಇದು ನನ್ನ ಮಗಳ ಮನಿ ಅಂತ' ಅಂದಳು. ಆಮೇಲೆ ರಾಯರ ಕಡೆ ತಿರುಗಿದಳು. 'ಕಾಕಾರ, ನೀವು ತಪ್ಪು ಬರದಿದ್ದನ್ನ ಕೆಂಪು ಶಾಯಿಲೆ ಹೊಡದು ಹಾಕಿದ್ರಿ. ಇವ್ರು ನನ್ನ ಮೈಯಾಗ ಬರದಿದ್ದನ್ನ ಯಾವ ಶಾಯಿಲೆ ಹೊಡದು ಹಾಕೂದ್ರಿ?'

ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಮೂವತ್ತು ವರ್ಷ ಸಾವಿರಾರು ಜನರ ರಕ್ತ ಕಂಡ ರಾಘವೇಂದ್ರರಾಯರು ಪರರ ಅಂಗಳದಲ್ಲಿ, ಎಲ್ಲರ ಎದುರಿಗೆ ಅತ್ತುಬಿಟ್ಟರು.